ಕಾಲಿನಿಂದ ತೆರೆಯುವ ನಲ್ಲಿ

ರಾಜಾಜಿನಗರದ ಹೆರಿಗೆ ಆಸ್ಪತ್ರೆಗೆ ನಾನು ನರ್ಸಾಗಿ ಹೋದಾಗ ಅಲ್ಲಿಗೆ ನಗರ ಎನ್ನುವಂಥದ್ದು ಇನ್ನೂ ಬಂದಿರಲಿಲ್ಲ. ಐವತ್ತರ ದಶಕದ ಮೊದಲ ವರ್ಷಗಳು. ರಸ್ತೆಗಳನ್ನು ಎಳೆದಿದ್ದರು, ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ನಡುವೆಲ್ಲ ಕೆಂಪು ಮಣ್ಣು, ಲಂಟಾನದ ಪೊದೆ, ಕಲ್ಲು ಜಲ್ಲಿಯ ರಾಶಿ. ಮಧ್ಯಾಹ್ನ ಗಾಳಿ ಎದ್ದರೆ ಕಿಟಕಿ ಮುಚ್ಚಿದರೂ ಮಂಚದ ಹಾಸಿಗೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು.

ಆಸ್ಪತ್ರೆ ಎಂದರೆ ದೊಡ್ಡದೇನಲ್ಲ. ಯಾರೋ ತಮ್ಮ ವಾಸಕ್ಕೆಂದು ಕಟ್ಟಿಸಿ, ಆಮೇಲೆ ಮನಸ್ಸು ಬದಲಾಯಿಸಿ ಬಾಡಿಗೆಗೆ ಕೊಟ್ಟ ಹೆಂಚಿನ ಮನೆ. ಮುಂದಿನ ಹಜಾರದಲ್ಲಿ ನಾಲ್ಕು ಮಂಚ, ನಡುಮನೆಯಲ್ಲಿ ಹೆರಿಗೆಯ ಮೇಜು, ಹಿಂದೆ ಹಿತ್ತಲಿಗೆ ಅಂಟಿಕೊಂಡಂತೆ ನನ್ನ ಕೋಣೆ. ಹಿತ್ತಲಲ್ಲಿ ಕಲ್ಲುಕಟ್ಟೆಯ ಮೇಲೆ ತಗಡಿನ ದೊಡ್ಡ ತೊಟ್ಟಿ ಇತ್ತು. ಬೆಳಗ್ಗೆ ಸ್ವಲ್ಪ ಹೊತ್ತು ಕೊಳವೆಯಲ್ಲಿ ನೀರು ಬಂದು ಆ ತೊಟ್ಟಿ ತುಂಬಬೇಕು, ಅದರಿಂದ ನಡುಮನೆಯ ಹಿಂಬಾಗಿಲ ಬಳಿಯ ನಲ್ಲಿಗೆ ಬರುವ ನೀರಿನಲ್ಲೇ ದಿನವೆಲ್ಲ ಕಳೆಯಬೇಕು. ಲೇಡಿ ಡಾಕ್ಟರು ವಾರಕ್ಕೊಮ್ಮೆಯೋ ಎರಡು ಸಲವೋ ಪೇಟೆ ಕಡೆಯಿಂದ ಬಂದು ನೋಡಿ ಹೋಗುತ್ತಿದ್ದರು. ಉಳಿದಂತೆ ಹೆರಿಗೆ ಮಾಡಿಸುವವಳೂ ನಾನೇ, ಅಲ್ಲಿ ವಾಸ ಇರುವವಳೂ ನಾನೇ.

ನನಗೆ ಚಿಕ್ಕ ವಯಸ್ಸಿಗೇ ಮದುವೆ ಮಾಡಿದ್ದರು. ಗಂಡನ ಮುಖ ಸರಿಯಾಗಿ ಮನಸ್ಸಿನಲ್ಲಿ ನಿಲ್ಲುವ ಮೊದಲೇ ಅವರು ಟೈಫಾಯಿಡ್‌ನಲ್ಲಿ ಹೋಗಿಬಿಟ್ಟರು. ಅತ್ತೆಯ ಮನೆಯಲ್ಲಿ ಮೂಲೆಯಲ್ಲಿ ಕೂತಿದ್ದವಳನ್ನು ಅಣ್ಣ ಜಗಳವಾಡಿ ಕರೆತಂದು ಬೆಂಗಳೂರಿನಲ್ಲಿ ಸೂಲಗಿತ್ತಿಯ ತರಬೇತಿಗೆ ಸೇರಿಸಿದ. ಅಣ್ಣ ಒಳ್ಳೆಯವನು. ಆದರೆ ತರಬೇತಿ ಮುಗಿಸಿ ನಾನು ಈ ಕೆಲಸಕ್ಕೆ ಸೇರಿದ ಮೇಲೆ ಅವನ ಮನೆಯಲ್ಲಿ ನನ್ನ ಊಟದ ತಟ್ಟೆ ಬೇರೆಯಾಯಿತು. ಕಂಡಕಂಡವರ ಹೆರಿಗೆ ಮಾಡಿಸುವ ಕೈ ಎಂದು ಅತ್ತಿಗೆ ಬಾಯಿಬಿಟ್ಟು ಹೇಳಲಿಲ್ಲ. ಹಬ್ಬಕ್ಕೆ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ತಾವೇ ನಿಂತುಕೊಂಡು, "ಅಲ್ಲೇ ಕೂತ್ಕೊಳ್ಳಿ, ನಾನೇ ತಂದ್ಕೊಡ್ತೀನಿ" ಎನ್ನುತ್ತಿದ್ದರು. ಎರಡು ಹಬ್ಬ ಹೀಗೆ ಕಳೆದ ಮೇಲೆ ನಾನು ಹೋಗುವುದು ಬಿಟ್ಟೆ. ರಜೆ ಸಿಗಲಿಲ್ಲ ಎಂದು ಅಣ್ಣನಿಗೆ ಹೇಳಿಕಳುಹಿಸಿದರೆ ಅವನೂ ಹೆಚ್ಚು ಕೇಳುತ್ತಿರಲಿಲ್ಲ.

ಮೊದಲ ವರ್ಷ ನನಗೆ ಜೊತೆಯಾಗಿದ್ದವಳು ಆಸ್ಪತ್ರೆಯ ಆಯಾ. ಸುಂಕದಕಟ್ಟೆಯಿಂದ ನಡೆದು ಬರುತ್ತಿದ್ದ ಮುದುಕಿ. ನೆಲ ಗುಡಿಸುವುದು, ಹಂಡೆಗೆ ಉರಿ ಹಾಕುವುದು, ಬಟ್ಟೆ ಒಗೆಯುವುದು ಅವಳ ಕೆಲಸ. ಅದರ ಜೊತೆಗೆ ಇನ್ನೊಂದಿತ್ತು. ಹೆರಿಗೆಗೆ ಮುಂಚೆ ನಾನು ಕಾರ್ಬಾಲಿಕ್ ಸೋಪು ಹಚ್ಚಿ, ಉಗುರಿನ ಸಂದಿಯಿಂದ ಮೊಣಕೈವರೆಗೆ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ತೊಳೆದ ಮೇಲೆ ಆ ಕೈಯಲ್ಲಿ ಏನನ್ನೂ ಮುಟ್ಟುವಂತಿಲ್ಲ, ನಲ್ಲಿಯನ್ನು ಕೂಡ. ಹಾಗಾಗಿ ಅವಳು ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದಳು, ನಾನು ಕೈಯೊಡ್ಡುತ್ತಿದ್ದೆ. ಹೊಯ್ಯುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಉಂಡ್ಯೇನವ್ವಾ?"

"ಇನ್ನೂ ಇಲ್ಲ."

"ಅಯ್ಯೋ, ಹೊತ್ತು ನೆತ್ತಿ ಮ್ಯಾಲೆ ಬಂತು. ಒಬ್ಳೇ ಅಂತ ಒಲೆ ಹಚ್ಚದೆ ಕೂತ್ಕಂತೀಯ. ಹಿಂಗಾದ್ರೆ ಮೈಯಾಗೆ ಏನ್ ಉಳೀತದೆ?"

ಮೇಜಿನ ಮೇಲಿನ ಹೆಂಗಸು ನೋವಿನಲ್ಲಿ ಕೂಗುತ್ತಿದ್ದರೂ ಈ ವಿಚಾರಣೆ ನಡೆಯಲೇಬೇಕು. ದಿನದಲ್ಲಿ ಯಾರಾದರೂ ನನ್ನನ್ನು ಉಂಡೆಯಾ ಎಂದು ಕೇಳುತ್ತಿದ್ದದ್ದು ಆ ಕೈ ತೊಳೆಯುವ ಹೊತ್ತಿನಲ್ಲಿ ಮಾತ್ರ.

ಆ ಮುದುಕಿಯ ಕಣ್ಣಿಗೆ ಪೊರೆ ಬಂತು. ಹೊಯ್ಯುವ ನೀರು ನನ್ನ ಕೈಯ ಪಕ್ಕದಲ್ಲಿ ಬೀಳತೊಡಗಿತು. ಕೈಯನ್ನೇ ನೀರಿನ ಕಡೆ ಸರಿಸಿಕೊಂಡು ಕೆಲವು ತಿಂಗಳು ನಡೆಸಿದೆ. ಒಂದು ದಿನ ಅವಳ ಮಗ ಬಂದು, "ಇನ್ ಬ್ಯಾಡ ಕಣಮ್ಮ, ದಾರೀಲಿ ಲಾರಿಗೀರಿ ಬಂದ್ರೆ ಕಾಣಾಕಿಲ್ಲ ಇವ್ಳಿಗೆ" ಎಂದು ಕೈಹಿಡಿದು ಕರೆದುಕೊಂಡು ಹೋದ. ಹೋಗುವಾಗ ಅವಳು ನನ್ನ ಗಲ್ಲ ಸವರಬೇಕೆಂದು ಕೈ ಚಾಚಿದಳು. ಕೈ ನನ್ನ ಕಿವಿಗೆ ತಗುಲಿತು.

ಬೇರೆ ಆಯಾ ಬರುತ್ತಾಳೆ ಎಂದರು ಲೇಡಿ ಡಾಕ್ಟರು. ಬರಲಿಲ್ಲ. ಬೆಳಗ್ಗೆ ಗುಡಿಸಿ ಒರೆಸಿ ಹೋಗಲು ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಅವಳು ತನ್ನ ಕೆಲಸ ಮುಗಿದ ಕೂಡಲೇ ಇನ್ನೊಂದು ಮನೆಗೆ ಓಡುತ್ತಿದ್ದಳು. ಹೆರಿಗೆ ಇಲ್ಲದ ದಿನ ನಾಲ್ಕು ಖಾಲಿ ಮಂಚ, ಗಾಳಿ, ನಾನು. ಕೆಲವೊಮ್ಮೆ ಸಂಜೆ ನನ್ನ ಗಂಟಲಿನಿಂದ ಆ ದಿನ ಒಂದು ಮಾತೂ ಹೊರಟಿಲ್ಲವೆಂಬುದು ನೆನಪಾಗಿ, ಕೆಮ್ಮಿ ನೋಡುತ್ತಿದ್ದೆ.

ನೀರು ಹೊಯ್ಯುವವರಿಲ್ಲದ್ದರಿಂದ ನಾನೊಂದು ಅಭ್ಯಾಸ ಮಾಡಿಕೊಂಡೆ. ತೊಳೆಯುವ ಮುಂಚೆಯೇ ನಲ್ಲಿಯನ್ನು ತಿರುಗಿಸಿ ಬಿಟ್ಟುಬಿಡುವುದು, ಹೆರಿಗೆ ಮುಗಿಯುವವರೆಗೂ ಅದು ಹರಿಯುತ್ತಲೇ ಇರುವುದು. ಮಧ್ಯೆ ಎಷ್ಟು ಸಲ ಕೈ ತೊಳೆಯಬೇಕಾಗಿ ಬಂದರೂ ತೊಂದರೆ ಇರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಮನೆ ಕಟ್ಟುವ ಕಡೆ ಕಲ್ಲು ಹೊರುತ್ತಿದ್ದ ಹೆಂಗಸೊಬ್ಬಳನ್ನು ಅವಳ ತಾಯಿ ನಡೆಸಿಕೊಂಡು ಬಂದಳು. ಮಗು ಹೊಟ್ಟೆಯಲ್ಲಿ ತಲೆ ಮೇಲಾಗಿ ತಿರುಗಿಕೊಂಡಿತ್ತು. ಹೊತ್ತು ಹಿಡಿಯಿತು. ಹೆರಿಗೆ ಅರ್ಧ ಆಗಿರುವಾಗ ನಲ್ಲಿಯ ಸದ್ದು ಸಣ್ಣಗಾಯಿತು, ಒಂದೆರಡು ಸಲ ಬಿಕ್ಕಿತು, ನಿಂತೇಹೋಯಿತು. ತೊಟ್ಟಿ ಬರಿದಾಗಿತ್ತು. ನನ್ನ ಎರಡು ಕೈಯೂ ಮೊಣಕೈವರೆಗೆ ರಕ್ತ. ಕಾಯಿಸಿ ಇಟ್ಟಿದ್ದ ಒಂದು ಪಾತ್ರೆ ನೀರಿನಲ್ಲಿ ಹೇಗೋ ಮುಗಿಸಿದೆ. ಅಷ್ಟರಲ್ಲಿ ಅವಳ ತಾಯಿ ಓಡಿಹೋಗಿ ಕಟ್ಟಡದ ತೊಟ್ಟಿಯಿಂದ ಸುಣ್ಣ ಸಿಮೆಂಟು ಕಲಸಿದ ನೀರನ್ನು ಕೊಡದಲ್ಲಿ ತಂದಿದ್ದಳು. ಬಾಣಂತಿ, ಮಗು ಇಬ್ಬರೂ ಉಳಿದರು. ನಾನು ಮಾತ್ರ ಆ ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು, ಉಳಿಯದೇ ಹೋಗಿದ್ದರೆ ಎಂದು ಎಣಿಸುತ್ತಲೇ ಇದ್ದೆ.

ಮಾರನೆಯ ದಿನದಿಂದ ಆ ನಲ್ಲಿಯನ್ನೇ ನೋಡತೊಡಗಿದೆ. ಕೈಯಿಂದ ಮುಟ್ಟದೆ, ಬೇಕೆಂದಾಗ ತೆರೆದು ಸಾಕೆಂದಾಗ ಮುಚ್ಚಬೇಕು. ಉಳಿದಿರುವುದು ಕಾಲು. ಬ್ಯಾಂಡೇಜಿನ ಬಟ್ಟೆಯನ್ನು ಹೊಸೆದು ನಲ್ಲಿಯ ಹಿಡಿಗೆ ಸುತ್ತಿ, ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿ ಎಳೆದೆ. ಅರ್ಧ ಸುತ್ತು ತಿರುಗಿ ನೀರು ಬಂತು. ನಿಲ್ಲಿಸುವುದು ಹೇಗೆ? ಇನ್ನೊಂದು ಬಟ್ಟೆಯನ್ನು ಎದುರು ದಿಕ್ಕಿಗೆ ಸುತ್ತಿ ಇನ್ನೊಂದು ಕಾಲಿಗೆ ಕಟ್ಟಿಕೊಂಡೆ. ಗೊಂಬೆಯಾಟದ ಗೊಂಬೆಯ ಹಾಗೆ ನಿಂತಿದ್ದೆ. ಯಾರೂ ನೋಡುವವರಿರಲಿಲ್ಲ. ನಗು ಬಂತು, ಒಬ್ಬಳೇ ನಕ್ಕದ್ದು ಗೋಡೆಗೆ ಬಡಿದು ಕೇಳಿಸಿದಾಗ ನಿಲ್ಲಿಸಿದೆ.

ಮಾಗಡಿ ರಸ್ತೆಗೆ ತಿರುಗುವ ಕಡೆ ತಗಡು ಮತ್ತು ಬಿದಿರು ತಟ್ಟಿಯ ಒಂದು ಸೈಕಲ್ ಅಂಗಡಿ ಇತ್ತು. ಫ್ಯಾಕ್ಟರಿಗೆ ಹೋಗುವವರ ಸೈಕಲ್ಲುಗಳಿಗೆ ಪಂಕ್ಚರ್ ಹಾಕುವುದು, ಚೈನು ಬಿಗಿಮಾಡುವುದು. ನಡೆಸುತ್ತಿದ್ದವರು ಮೂವತ್ತರ ಆಸುಪಾಸಿನ ಗಂಡಸು. ಮಾತು ಕಡಿಮೆ. ನಾನು ಹೋಗಿ ನಿಂತಾಗ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು.

"ಒಂದು ನಲ್ಲೀನ ಕಾಲಲ್ಲಿ ಬಿಡೋ ಹಾಗೆ ಮಾಡ್ಕೊಡೋಕಾಗುತ್ತಾ?" ಎಂದೆ.

"ಕಾಲಲ್ಲಾ?"

"ಕಾಲಲ್ಲೇ. ಕೈಯಲ್ಲಿ ಮುಟ್ಟೋ ಹಾಗಿಲ್ಲ."

"ಯಾಕಮ್ಮ, ಶಾಕ್ ಹೊಡೀತದಾ?"

ಅವರು ತಮಾಷೆಗೆ ಕೇಳಿದ್ದಲ್ಲ. ನಾನು ವಿವರಿಸಿದೆ. ತೊಳೆದ ಕೈಯಲ್ಲಿ ನಲ್ಲಿ ಮುಟ್ಟಿದರೆ ಕಣ್ಣಿಗೆ ಕಾಣದ ಕೊಳೆ ಮತ್ತೆ ಕೈಗೆ ಹತ್ತುತ್ತದೆ, ಅದು ತಾಯಿಯ ಒಳಗೆ ಹೋದರೆ ತಾಯಿಗೆ ನಂಜಾಗುತ್ತದೆ, ಹೊಕ್ಕುಳಬಳ್ಳಿಗೆ ಸೋಕಿದರೆ ಮಗುವಿಗೆ ಎಂದೆ.

ಟ್ಯೂಬು ಹಿಡಿದಿದ್ದ ಕೈ ನಿಂತಿತು. "ಮಗೀಗೂ ಬತ್ತದಾ?"

"ಬರುತ್ತೆ. ಚೆನ್ನಾಗಿ ಹುಟ್ಟಿದ ಮಗು ಇದ್ದಕ್ಕಿದ್ದಂಗೆ ಹಾಲು ಕುಡಿಯೋದು ಬಿಡುತ್ತೆ. ದವಡೆ ಕಚ್ಚಿಕೊಂಡುಬಿಡುತ್ತೆ. ಬಳ್ಳಿ ಕೊಯ್ಯೋ ಕತ್ತರಿ ಕೊಳೆಯಾಗಿದ್ರೂ ಅಷ್ಟೇ, ಕೈ ಕೊಳೆಯಾಗಿದ್ರೂ ಅಷ್ಟೇ."

ಅವರು ಬಾಣಲೆಯ ಮೇಲೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಗುವುದಿಲ್ಲವೆಂದು ಹೇಳಲು ಸಂಕೋಚಪಡುತ್ತಿದ್ದಾರೆಂದುಕೊಂಡು ನಾನು ಹೊರಟೆ. ಹಿಂದಿನಿಂದ, "ಅಂಗಡಿ ಮುಚ್ಚಿ ಸಂಜೆ ಬತ್ತೀನಿ" ಎಂದರು.

ಬಂದು ನೋಡಿದರು. ಇದ್ದ ನಲ್ಲಿ ಹಲವು ಸುತ್ತು ತಿರುಗಿಸಿ ತೆರೆಯುವಂಥದ್ದು. ಅದು ಕಾಲಿಗೆ ಬಗ್ಗುವುದಿಲ್ಲ ಎನ್ನುವುದು ನಾನು ಮತ್ತೊಮ್ಮೆ ಬಟ್ಟೆ ಕಟ್ಟಿ ತೋರಿಸಿದ ಗೊಂಬೆಯಾಟದಲ್ಲೇ ಇಬ್ಬರಿಗೂ ಗೊತ್ತಾಯಿತು. ಕೆಲವು ದಿನ ಬಿಟ್ಟು ಗುಜರಿಯಿಂದ ಅವರೊಂದು ಹಿತ್ತಾಳೆಯ ನಲ್ಲಿ ತಂದರು. ಕಾಫಿ ಹೋಟೆಲಿನ ಬಾಯ್ಲರಿಗೆ ಹಾಕುತ್ತಾರಲ್ಲ, ಹಿಡಿಯನ್ನು ಒಂದಿಷ್ಟು ವಾಲಿಸಿದರೆ ಪೂರ್ತಿ ತೆರೆದುಕೊಳ್ಳುವಂಥದ್ದು. ಹಿಡಿಗೆ ಸೈಕಲ್ ಚೈನು ಕಟ್ಟಿ, ಚೈನನ್ನು ನೆಲದಲ್ಲಿಟ್ಟ ಹಲಗೆಗೆ ಬಿಗಿದು ತುಳಿದರೆ ತೆರೆಯುತ್ತದೆ. ಅಲ್ಲಿಯವರೆಗೆ ಸರಿ. ಕಾಲು ತೆಗೆದಾಗ ತಾನಾಗಿ ಮುಚ್ಚಿಕೊಳ್ಳಬೇಕು. ಅವರು ಸೀಟಿನ ಸ್ಪ್ರಿಂಗು ಕಟ್ಟಿ ನೋಡಿದರು. ಅದು ಬಿಗಿಯಾದರೆ ನನ್ನ ಕಾಲಿಗೆ ಜಗ್ಗಲು ಬಾರದು, ಸಡಿಲವಾದರೆ ನಲ್ಲಿ ಮುಚ್ಚದು.

ಮಕ್ಕಳನ್ನು ತೂಗುವ ತಕ್ಕಡಿ ಮೇಜಿನ ಮೇಲೆಯೇ ಇತ್ತು. ಒಂದು ಬೆಳಗ್ಗೆ ಅದನ್ನು ಒರೆಸುತ್ತಿದ್ದಾಗ ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟೆ. ಅದು ಮೇಲೆದ್ದು, ಇನ್ನೊಂದು ಕಡೆ ಇಳಿಯಿತು. ಮತ್ತೆ ಒತ್ತಿ ಬಿಟ್ಟೆ. ಒರೆಸುವ ಬಟ್ಟೆಯನ್ನು ಅಲ್ಲೇ ಹಾಕಿ ಸೈಕಲ್ ಅಂಗಡಿಗೆ ನಡೆದೆ. ಅಷ್ಟು ಬೇಗಬೇಗ ನಾನು ಆ ರಸ್ತೆಯಲ್ಲಿ ಎಂದೂ ನಡೆದಿರಲಿಲ್ಲ.

"ಸ್ಪ್ರಿಂಗು ಬೇಡ," ಎಂದೆ. "ಹಿಡಿ ಇರೋ ಜಾಗದಲ್ಲಿ ತಕ್ಕಡಿ ದಂಡಿಗೆ ಥರ ಉದ್ದನೆ ಪಟ್ಟಿ ಕೂರಿಸಿ. ಒಂದು ತುದಿಗೆ ಚೈನು, ಇನ್ನೊಂದು ತುದಿಗೆ ಭಾರ. ತುಳಿದ್ರೆ ಭಾರ ಮೇಲೇಳುತ್ತೆ, ಕಾಲು ತೆಗೆದ್ರೆ ಅದೇ ಕೆಳಗಿಳಿದು ಮುಚ್ಚುತ್ತೆ."

ಅವರು ಕಣ್ಣು ಮುಚ್ಚಿಕೊಂಡು, ಎರಡು ಕೈಯನ್ನೂ ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿದರು. ಆಮೇಲೆ ನಕ್ಕರು. "ಆಯ್ತದೆ. ಆಗೇ ಆಯ್ತದೆ."

ಅದರಿಂದಾಚೆಗೆ ಸಂಜೆಗಳು ಬೇರೆಯಾದವು. ಅಂಗಡಿ ಮುಚ್ಚಿ, ಚೀಲದಲ್ಲಿ ಸಾಮಾನು ಹಾಕಿಕೊಂಡು ಅವರು ಹಿತ್ತಲ ಕಡೆಯಿಂದ ಬರುತ್ತಿದ್ದರು. ಭಾರಕ್ಕೆ ಮೊದಲು ಕಲ್ಲನ್ನು ಬಟ್ಟೆಯಲ್ಲಿ ಕಟ್ಟಿದೆವು, ಬಟ್ಟೆ ನೆನೆದು ಹರಿಯಿತು. ಅಂಚು ಒಡೆದ ತೂಕದ ಕಬ್ಬಿಣವೊಂದನ್ನು ತಂದು ತೂಗುಹಾಕಿದರು. ಅದು ತೀರ ಕೆಳಗಿಳಿಯದಂತೆ ಗೋಡೆಗೊಂದು ಗೂಟ ಹೊಡೆದರು. ನಲ್ಲಿಯ ಒಳಗಿನ ತಿರುಗುವ ತುಂಡು ಬಿಗಿಯಾಗಿದ್ದರೆ ಭಾರ ಇಳಿಯದು, ಸಡಿಲಿಸಿದರೆ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಬಿಚ್ಚಿ ನುಣ್ಣನೆಯ ಪುಡಿ ಹಾಕಿ ಉಜ್ಜಿದರು. ನಾನು ಹರಳೆಣ್ಣೆ ಕೊಟ್ಟೆ. ಸರಿಹೋಗಲಿಲ್ಲ. ವ್ಯಾಸಲೀನ್ ಕೊಟ್ಟೆ. ಸರಿಹೋಯಿತು. ಒದ್ದೆಯಲ್ಲಿ ಕಾಲು ಜಾರಬಾರದೆಂದು ಹಲಗೆಯ ಮೇಲೆ ಹಳೆಯ ಟೈರಿನ ತುಂಡು ಬಡಿದರು. ಲಾಟೀನು ಹಿಡಿದು ನಿಲ್ಲುವುದು, ಬೇಕಾದದ್ದು ಎತ್ತಿಕೊಡುವುದು ನನ್ನ ಕೆಲಸ. ಕಾಫಿ ಮಾಡಿ ಕೊಡುತ್ತಿದ್ದೆ. ಒಳಗೆ ಬಂದು ಕೂರಿ ಎಂದರೆ ಬರುತ್ತಿರಲಿಲ್ಲ, ಹಿತ್ತಲಲ್ಲೇ ನಿಂತು ಕುಡಿದು ಲೋಟವನ್ನು ತಾವೇ ತೊಳೆದಿಡುತ್ತಿದ್ದರು.

ಮಧ್ಯಾಹ್ನ ಕಳೆಯುತ್ತಿದ್ದಂತೆ ನಾನು ಕಾಫಿಪುಡಿಯ ಡಬ್ಬಿ ತೆಗೆದಿಡುತ್ತಿದ್ದೆ. ಬಿಳಿ ಸೀರೆ ಬದಲಾಯಿಸಿ ಒಗೆದದ್ದು ಉಡುತ್ತಿದ್ದೆ. ಏನನ್ನೋ ಬಯಸಿ ಮಾಡಿದ್ದಲ್ಲ. ಒಬ್ಬರು ಬರುತ್ತಾರೆ ಎನ್ನುವುದಷ್ಟೇ ಇತ್ತು. ಅಷ್ಟೂ ಇಲ್ಲದೆ ದಿನ ಕಳೆದವರಿಗೆ ಅದು ಎಷ್ಟು ದೊಡ್ಡದು ಎಂದು ಗೊತ್ತಿರುತ್ತದೆ.

ಒಂದು ಸಂಜೆ ಕಾಫಿ ಕುಡಿಯುತ್ತಾ, "ನಮ್ ಮನೇವ್ಳು ಹಿಂಗ್ ಗಟ್ಟಿಯಾಗಿ ಮಾಡಾಕಿಲ್ಲ, ಬೆಲ್ಲದ ನೀರು ಕುಡ್ದಂಗಿರ್ತದೆ" ಎಂದರು.

"ಮನೆಯವರು ಎಲ್ಲಿದ್ದಾರೆ?"

"ಊರಲ್ಲವ್ಳೆ. ಕೆಂಗೇರಿಯಿಂದಾಚೆ. ನಾನು ವಾರಕ್ಕೊಂದ್ಸಲ ಹೋಯ್ತೀನಿ."

"ಹೌದಾ" ಎಂದೆ. ಕೆಳಗೆ ಬಿದ್ದಿದ್ದ ತಿರುಪೊಂದನ್ನು ಎತ್ತಿ ಅವರ ಚೀಲಕ್ಕೆ ಹಾಕಿದೆ. ಅವರಿಗೆ ಹೆಂಡತಿ ಇದ್ದರೆ ನನಗೇನು ಎಂದು ಕೇಳಿಕೊಂಡೆ. ಏನೂ ಇಲ್ಲ. ಏನೂ ಇಲ್ಲದಿದ್ದರೂ ಆ ಸಂಜೆ ಒಲೆ ಹಚ್ಚಲು ಮನಸ್ಸಾಗಲಿಲ್ಲ.

ಕೆಲಸ ಮುಗಿಯಿತು. ಅವರು ಹಲಗೆ ತುಳಿದರು, ನೀರು ಬಂತು. ಕಾಲು ತೆಗೆದರು, ಕಬ್ಬಿಣ ಟಕ್ಕೆಂದು ಗೂಟದ ಮೇಲೆ ಕೂತು ನೀರು ನಿಂತಿತು. ಒಂದು ಹನಿ ಕೂಡ ಬೀಳಲಿಲ್ಲ. ನನ್ನನ್ನು ತುಳಿಯಲು ಹೇಳಿದರು. ಸೋಪು ಹಚ್ಚಿ ಉಜ್ಜಿ, ಕಾಲೊತ್ತಿ ತೊಳೆದು, ಎರಡು ಕೈಯನ್ನೂ ಮೇಲೆತ್ತಿ ನಿಂತೆ. ಏನನ್ನೂ ಮುಟ್ಟಿರಲಿಲ್ಲ.

"ಇನ್ನೇನಿಲ್ವಲ್ಲ, ಆಯ್ತು" ಎಂದರು.

"ಹೂಂ, ಆಯ್ತು."

ಚೀಲ ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋದರು. ಆಮೇಲಿನ ಸಂಜೆಗಳಲ್ಲಿ ನಾನು ಸುಮ್ಮನೆ ಹೋಗಿ ಆ ಹಲಗೆ ತುಳಿದು ನೋಡುತ್ತಿದ್ದೆ. ಚೈನು ಸಡಿಲವಾಗಿದೆಯೇ, ನಲ್ಲಿ ತೊಟ್ಟಿಕ್ಕುತ್ತಿದೆಯೇ? ಆಗಿದ್ದರೆ ಹೇಳಿಕಳುಹಿಸಬಹುದಿತ್ತು. ಏನೂ ಆಗಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆವು.

ಲೇಡಿ ಡಾಕ್ಟರು ಬಂದಾಗ ನೋಡಿ ನಕ್ಕು, ತಾವೇ ತುಳಿದು ಕೈ ತೊಳೆದರು. ಬಹಳ ಮೆಚ್ಚಿಕೊಂಡರು. ಹೊರಡುವಾಗ ಮೆಟ್ಟಿಲಲ್ಲಿ ನಿಂತು ದನಿ ತಗ್ಗಿಸಿ, "ಸಿಸ್ಟರ್, ನೀವು ಒಬ್ಬರೇ ಇರ್ತೀರಿ. ಸಂಜೆ ಹೊತ್ತು ಗಂಡಸರು ಬಂದು ಹೋಗೋದು... ಜನ ಮಾತಾಡ್ತಾರೆ, ಅಷ್ಟೆ" ಎಂದರು.

"ಇನ್ನು ಯಾರೂ ಬರಲ್ಲ ಮೇಡಂ, ಕೆಲಸ ಮುಗೀತು" ಎಂದೆ. ಅವರ ಕಾರು ಎಬ್ಬಿಸಿದ ಧೂಳು ಇಳಿಯುವವರೆಗೂ ಅಲ್ಲೇ ನಿಂತಿದ್ದೆ. ಮಾತಾಡುವ ಜನ ಎಲ್ಲಿದ್ದಾರೆ ಎಂದು ಸುತ್ತ ನೋಡಿದೆ. ನೆಟ್ಟ ಸೈಟು ಕಲ್ಲುಗಳು ಕಂಡವು.

ಮಳೆಗಾಲ ಕಳೆಯಿತು. ಅಂಗಡಿಯ ಮುಂದೆ ಹಾದುಹೋಗುವಾಗ ಅವರು ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಒಂದು ಭಾನುವಾರ ಬೆಳಗ್ಗೆ ಅವರು ಆಸ್ಪತ್ರೆಯ ಮುಂದಿನ ಗೇಟಿಗೇ ಬಂದು ನಿಂತರು. ಸೈಕಲ್ಲಿನ ಹಿಡಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡಿದ್ದರು.

"ನಲ್ಲಿ ಕೆಟ್ಟಿಲ್ಲ" ಎಂದೆ. ಬಾಯಿಗೆ ಮೊದಲು ಬಂದದ್ದು ಅದು.

"ಅದಕ್ಕಲ್ಲಮ್ಮ." ಸೈಕಲ್ಲನ್ನು ಗೇಟಿಗೊರಗಿಸಿ ಹೇಳಿದರು. "ನಮ್ಗೆ ಮೊದ್ಲು ಒಂದು ಗಂಡು ಮಗ ಹುಟ್ಟಿತ್ತು. ದುಂಡ್‌ದುಂಡಗೆ ಚೆನ್ನಾಗಿತ್ತು. ವಾರ ತುಂಬನಿಲ್ಲ. ಹಾಲು ಬಿಡ್ತು. ದವಡೆ ಕಚ್ಕಂಡ್ಬಿಡ್ತು. ಗಾಳಿ ಸೋಕು ಅಂದ್ರು, ಯಂತ್ರ ಕಟ್ಟಿಸಿದ್ವಿ, ಉಳೀನಿಲ್ಲ. ಬಳ್ಳೀನ ಕುಡ್ಲಲ್ಲಿ ಕುಯ್ದಿದ್ರು. ಹುಲ್ಲು ಕುಯ್ಯೋ ಕುಡ್ಲು. ನೀವು ಅವತ್ತು ಅಂಗ್ಡೀಲಿ ಹೇಳೋವರ್ಗೂ ನಂಗೆ ಗೊತ್ತಿರ್ನಿಲ್ಲ."

ಅಷ್ಟು ಸಂಜೆ ಆ ಚೈನು, ಆ ಕಬ್ಬಿಣ, ಆ ಟೈರಿನ ತುಂಡನ್ನು ಅಷ್ಟೊಂದು ಜತನದಿಂದ ಕೂರಿಸಿದ್ದು ಯಾಕೆಂದು ಆಗ ತಿಳಿಯಿತು.

"ಈಗ ಮತ್ತೆ ತುಂಬಿದ ಬಸುರಿ. ಮನೇಲಿ ಯಾರೂ ಒಪ್ತಿಲ್ಲ, ಆಸ್ಪತ್ರೆ ಅಂದ್ರೆ ಅವ್ವ ಅಳ್ತಾಳೆ. ನಾನು ಇಲ್ಲಿಗೇ ಕರ್ಕೊಂಬತ್ತೀನಿ. ನೀವಿರ್ತೀರಲ್ಲ?"

"ಇರ್ತೀನಿ. ನಾನೆಲ್ಲಿಗೆ ಹೋಗ್ತೀನಿ?" ಎಂದೆ.

ಬಂದದ್ದು ಎತ್ತಿನ ಗಾಡಿಯಲ್ಲಿ, ಬೆಳಗಿನ ಹೊತ್ತು. ಹೆಂಡತಿ ನನಗಿಂತ ಚಿಕ್ಕವಳು. ಅವಳ ಅತ್ತೆ, ಅಂದರೆ ಸೈಕಲ್ ಅಂಗಡಿಯವರ ತಾಯಿ, ಒಂದು ಕೈಯಲ್ಲಿ ಸೊಸೆಯನ್ನೂ ಇನ್ನೊಂದು ಕೈಯಲ್ಲಿ ಬೇವಿನ ಸೊಪ್ಪಿನ ಕಟ್ಟನ್ನೂ ಹಿಡಿದು ಇಳಿದರು. ಅಂಗಡಿಯವರು ಹೊರಗೆ ಜಗಲಿಯಲ್ಲಿ ಕೂತರು. ನಾನು ಕೈ ತೊಳೆಯಲು ನಿಂತಾಗ ಮುದುಕಿ ನನ್ನ ಕಾಲನ್ನೇ ನೋಡುತ್ತಿದ್ದರು.

"ಇದೇನವ್ವಾ, ಗಂಗಮ್ಮನ್ನ ಯಾರಾನಾ ಕಾಲಲ್ಲಿ ತುಳೀತಾರಾ?"

"ನಾನು ತುಳಿಯೋದು ಹಲಗೇನ ಅಜ್ಜಿ. ಗಂಗಮ್ಮ ಕೈಗೇ ಬರೋದು. ಇದನ್ನ ಮಾಡಿದ್ದು ನಿಮ್ಮ ಮಗನೇ."

ಮುದುಕಿ ಜಗಲಿಯ ಕಡೆ ಒಮ್ಮೆ ತಿರುಗಿ ನೋಡಿದರು.

ಸುಲಭದ ಹೆರಿಗೆಯಲ್ಲ. ಮಧ್ಯಾಹ್ನ ದಾಟಿತು. ಅವಳು ನನ್ನ ಕೊರಳಿಗೆ ಜೋತುಬಿದ್ದು, "ಇದೂ ಹೋಯ್ತದಾ ಅಕ್ಕಾ?" ಎಂದು ಕೇಳುತ್ತಿದ್ದಳು. ಪ್ರತಿ ಸಲ ಅವಳನ್ನು ಮಲಗಿಸಿ, ಮತ್ತೆ ಬಂದು ಹಲಗೆ ತುಳಿದು, ಮತ್ತೆ ಮೊಣಕೈವರೆಗೆ ತೊಳೆಯುತ್ತಿದ್ದೆ. ಹೆಣ್ಣು ಮಗು ಹುಟ್ಟಿತು. ಮೊದಲು ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ತಿಕ್ಕಿ, ಪಾದಕ್ಕೆ ತಟ್ಟಿದೆ. ಆಮೇಲೆ ಮಗು ಬಾಯಿ ತೆರೆದು ಸಿಟ್ಟು ಬಂದವರಂತೆ ಚೀರಿತು. ಮುದುಕಿ ಅಲ್ಲೇ ಗೋಡೆಗೊರಗಿ ಕೂತುಬಿಟ್ಟರು. ಕುದಿಸಿದ ಕತ್ತರಿಯಿಂದ ಬಳ್ಳಿ ಕತ್ತರಿಸಿದೆ. ಕಟ್ಟಿ ಮುಗಿಸಿ ಮಗುವನ್ನು ತಾಯಿಯ ಪಕ್ಕ ಮಲಗಿಸಿದೆ.

ಹೊಕ್ಕುಳ ಒಣಗಿ ಬೀಳುವವರೆಗೂ ಕಳುಹಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಮುದುಕಿ ಊರಿಗೆ ಹೋಗಿ ಬಂದು ಮಾಡುತ್ತಿದ್ದರು, ತಾಯಿ ಮಗು ನನ್ನ ಬಳಿ ಉಳಿದರು. ಅಂಗಡಿಯವರು ದಿನಾ ಸಂಜೆ ಬಂದು ಹಜಾರದ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು.

"ಹಾಲು ಕುಡೀತಾ?"

"ಕುಡೀತು."

ಅಷ್ಟು ಕೇಳಿದ ಮೇಲೆ ಅವರ ಭುಜ ಇಳಿಯುತ್ತಿತ್ತು. ಕಿಟಕಿಯ ಸರಳು ಹಿಡಿದು ಹೆಂಡತಿಯ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ನಾನು ನನ್ನ ಕೋಣೆಗೆ ಬಂದು ಕೂರುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು. ನನ್ನ ಹತ್ತಿರ ಅಷ್ಟು ಸಂಜೆ ಮಾತು ಎಣಿಸಿ ಆಡಿದ್ದ ಮನುಷ್ಯ ಅಲ್ಲಿ ಏನೇನೋ ಹೇಳಿ ನಗಿಸುತ್ತಿದ್ದರು. ಹೊಟ್ಟೆಕಿಚ್ಚು ಎಂದು ಕರೆಯಲಾರೆ. ಅವರಿಬ್ಬರೂ ಚೆನ್ನಾಗಿರಲಿ ಎಂದು ನಿಜವಾಗಿ ಬಯಸುತ್ತಿದ್ದೆ. ಹಾಗೆ ಬಯಸಿಕೊಂಡೇ ಗೋಡೆಯ ಈಚೆ ಒಬ್ಬಳೇ ಕೂತಿರುತ್ತಿದ್ದೆ.

ವಾರ ಕಳೆಯುವ ದಿನ ಬೆಳಗ್ಗೆ ಮಗುವನ್ನು ಎತ್ತಿಕೊಳ್ಳಲು ನನಗೇ ಭಯ. ಅವಳೂ ನನ್ನ ಮುಖ ನೋಡುತ್ತಿದ್ದಳು. ಮಗುವಿನ ತುಟಿಗೆ ಬೆರಳು ತಾಗಿಸಿದೆ. ಚಪ್ಪರಿಸಿತು. ಮೊಲೆಗೆ ಹಿಡಿದಾಗ ಗಬಗಬ ಕುಡಿಯಿತು. ಅವಳು ಗೊಳೋ ಎಂದು ಅತ್ತಳು. ಮೊದಲ ಮಗುವಿಗಾಗಿ ಅಳುತ್ತಿದ್ದಾಳೆ ಎಂದು ಗೊತ್ತಾಗಿ ಪಕ್ಕದಲ್ಲಿ ನಿಂತೆ.

ಅದೇ ದಿನವೋ ಮಾರನೆಯ ದಿನವೋ ಇರಬೇಕು. ಮಧ್ಯಾಹ್ನ ಮಗು ಮಲಗಿತ್ತು. ನಾನು ಬಟ್ಟೆ ಮಡಿಸುತ್ತಿದ್ದೆ. ಅವಳು ಮಂಚದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವಳು, "ಅಕ್ಕ, ತಲೆ ಯಾಕೆ ಹಂಗ್ ಬಿಟ್ಟಿದ್ದೀರಿ? ಎಣ್ಣೆ ಕಂಡು ಎಷ್ಟು ದಿನ ಆಯ್ತು?" ಎಂದಳು.

"ನಂಗ್ಯಾಕೆ ಬಿಡು, ಟೋಪಿ ಹಾಕ್ಕೊಂಡಿರ್ತೀನಲ್ಲ."

"ಬನ್ನಿ, ಕೂತ್ಕಳಿ. ಅತ್ತೆ ನಂಗೆ ಅಂತ ತಂದ ಹರಳೆಣ್ಣೆ ಐತೆ."

"ಬಾಣಂತಿ ನೀನು. ನಾನು ನಿಂಗೆ ಹಚ್ಚಬೇಕು."

"ಕೂತ್ಕಳಿ ಅಂದ್ನಲ್ಲ."

ಮಂಚದ ಕೆಳಗೆ ನೆಲದ ಮೇಲೆ ಕೂತೆ. ಅವಳು ನನ್ನ ಗಂಟು ಬಿಚ್ಚಿ, ಎಣ್ಣೆಯನ್ನು ಅಂಗೈಯಲ್ಲಿ ಸುರಿದುಕೊಂಡು ನೆತ್ತಿಗೆ ಒತ್ತಿದಳು. ಬೆಚ್ಚಗಿತ್ತು. ಎಷ್ಟೋ ಹೆಂಗಸರ ಮೈ ನಾನು ಮುಟ್ಟಿದ್ದೆ. ಸೊಂಟ ತಿಕ್ಕಿದ್ದೆ, ಹಣೆಯ ಬೆವರು ಒರೆಸಿದ್ದೆ. ನನ್ನ ತಲೆಯ ಮೇಲೆ ಇನ್ನೊಬ್ಬರ ಕೈ ಬಿದ್ದು ಎಷ್ಟು ವರ್ಷವಾಗಿತ್ತೋ, ಅಮ್ಮ ಹೋದ ಮೇಲೆ ಬಹುಶಃ ಇಲ್ಲ. ಅವಳು ಬೈತಲೆ ತೆಗೆಯುತ್ತಾ ಏನೇನೋ ಹೇಳುತ್ತಿದ್ದಳು.

"ನಮ್ಮೋರು ಈಗ ಮನೇಲಿ ಎಲ್ರುನೂ ಬೈತಾರೆ. ಕೈ ತೊಳ್ಕಳಿ, ಕೈ ತೊಳ್ಕಳಿ ಅಂತ. ಎಮ್ಮೆ ಹಾಲು ಕರಿಯೋಕ್ಕೂ ಸೋಪು ಅಂತಾರೆ. ಅತ್ತೆಗಂತೂ ತಲೆ ಕೆಟ್ಟೋಗೈತೆ."

ನಾನು ನಕ್ಕೆ. ನಗುವಿನ ಜೊತೆಗೆ ಕಣ್ಣೂ ತುಂಬಿತು. ಬೆನ್ನು ಕೊಟ್ಟು ಕೂತಿದ್ದರಿಂದ ಅವಳಿಗೆ ಕಾಣಲಿಲ್ಲ. ಜಡೆ ಹಾಕಿ ಮುಗಿದ ಮೇಲೂ ಸ್ವಲ್ಪ ಹೊತ್ತು ಏಳದೆ ಕೂತಿದ್ದೆ.

ಹೊಕ್ಕುಳ ಬಿದ್ದ ಮೇಲೆ ಗಾಡಿ ಬಂತು. ಮುದುಕಿ ನನಗೆ ಎರಡು ತೆಂಗಿನಕಾಯಿ, ಒಂದು ಸೇರು ಅವರೆಕಾಯಿ ಕೊಟ್ಟರು. ಇವರು ಮಗುವನ್ನು ಗಾಡಿಯಲ್ಲಿ ಕೂತ ಹೆಂಡತಿಯ ಮಡಿಲಿಗಿಟ್ಟು ನನ್ನ ಕಡೆ ತಿರುಗಿದರು. ಕೈ ಮುಗಿದರು. ನಾನೂ ಮುಗಿದೆ.

ಮುಂದಿನ ವರ್ಷ ಅವರು ಅಂಗಡಿಯನ್ನು ಕೆಂಗೇರಿಗೇ ಸಾಗಿಸಿದರು, ಮನೆಗೆ ಹತ್ತಿರ ಆಗುತ್ತದೆಂದು. ಆ ತಗಡಿನ ಜಾಗದಲ್ಲಿ ಇನ್ಯಾರೋ ಸೌದೆ ಡಿಪೋ ಇಟ್ಟರು. ಸುತ್ತ ಮನೆಗಳು ಎದ್ದವು, ರಸ್ತೆಗೆ ದೀಪ ಬಂತು, ಬಸ್ಸು ಬಂತು. ನಲ್ಲಿ ನಾನಿರುವವರೆಗೂ ಕೆಡಲಿಲ್ಲ. ಆಮೇಲೆ ಆಸ್ಪತ್ರೆಗೆ ಬೇರೆ ಕಟ್ಟಡವಾಯಿತು, ನನಗೆ ಪೇಟೆಯ ದೊಡ್ಡ ಆಸ್ಪತ್ರೆಗೆ ವರ್ಗವಾಯಿತು. ಹಳೆಯ ಮನೆಯನ್ನು ಕೆಡವಿದಾಗ ಆ ಹಲಗೆ, ಚೈನು, ಕಬ್ಬಿಣ ಎಲ್ಲಿ ಹೋದವೋ ತಿಳಿಯದು.

ದೊಡ್ಡ ಆಸ್ಪತ್ರೆಯಲ್ಲಿ ಜನಕ್ಕೇನೂ ಕಡಿಮೆ ಇರಲಿಲ್ಲ. ನರ್ಸುಗಳ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಮೂವರು. ಊಟಕ್ಕೆ ಗಂಟೆ ಹೊಡೆಯುತ್ತಿತ್ತು, ಎಲ್ಲರೂ ಒಟ್ಟಿಗೆ ಕೂರುತ್ತಿದ್ದೆವು. ಅಲ್ಲಿ ನನಗೆ ಬೇಸರವಾಗುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳಬೇಕು. ಆದರೆ ಹೊಸದಾಗಿ ಬಂದ ಹುಡುಗಿಯರು ರಜೆಗೆ ಊರಿಗೆ ಹೊರಟು ಟ್ರಂಕು ಕಟ್ಟುವಾಗ, "ಸಿಸ್ಟರ್, ನೀವು ಹೋಗಲ್ವಾ?" ಎಂದು ಕೇಳುತ್ತಿದ್ದರು. ಅವರ ಹಾಸಿಗೆ ಸುತ್ತಲು ನೆರವಾಗುತ್ತಾ, ಮುಂದಿನ ಸಲ ಹೋಗ್ತೀನಿ ಎನ್ನುತ್ತಿದ್ದೆ.